ಪುಟ ನೆನಪಿದೆ, ಪದ ನೆನಪಿಲ್ಲ: ದಾವಣಗೆರೆಯಲ್ಲಿ ಕನ್ನಡ ಕಲಿತ ಒಬ್ಬ ಡಾಕ್ಟರಮ್ಮನ ಪ್ರಕರಣ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ತರಗತಿ. ಹನ್ನೊಂದು ವರ್ಷದಿಂದ ಅಲ್ಲಿ ಹೊರಗಿನವರಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಬರುವವರಲ್ಲಿ ಮೆಡಿಕಲ್ ಓದುವವರೇ ಜಾಸ್ತಿ. ಆಗಾಗ ಬ್ಯಾಂಕಿಗೆ ವರ್ಗವಾಗಿ ಬಂದವರು, ಅವರ ಮನೆಯವರು ಬರುತ್ತಾರೆ. ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬಳ ಬಗ್ಗೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು. ರೋಗಿಗಳು ಕರೆಯುವ ಹಾಗೆ ಡಾಕ್ಟರಮ್ಮ ಅಂತಲೇ ಕರೆಯುತ್ತೇನೆ.

ಡಾಕ್ಟರಮ್ಮ ರಾಜಸ್ಥಾನದವಳು. ಮನೆಮಾತು ಹಿಂದಿ. ಎಂಬಿಬಿಎಸ್ ಅಲ್ಲೇ ಮುಗಿಸಿ, ಜನರಲ್ ಮೆಡಿಸಿನ್ ಪಿಜಿಗೆ ಇಲ್ಲಿಗೆ ಬಂದಳು. ಊರಿನ ಒಂದು ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಿನಾ ಬೆಳಗ್ಗೆ ಕೂರಬೇಕು. ಜುಲೈಯಲ್ಲಿ ನನ್ನ ತರಗತಿಗೆ ಸೇರಿದಳು. ನಾನು ಎಲ್ಲರಿಗೂ ಕೊಡುವ ಹಾಗೆ ಅವಳಿಗೂ 600 ಪದಗಳ ಪಟ್ಟಿ ಕೊಟ್ಟೆ. ಅಷ್ಟು ವರ್ಷದಿಂದ ನಾನೇ ಕೂಡಿಸಿಕೊಂಡು ಬಂದ ಪಟ್ಟಿ ಅದು. ದೇಹದ ಭಾಗಗಳು ಒಂದು ಪುಟ, ಕಾಯಿಲೆಗಳು ಒಂದು ಪುಟ, ದಿನ-ವಾರ-ಹೊತ್ತು ಒಂದು ಪುಟ, ಪ್ರಶ್ನೆಗಳು ಒಂದು ಪುಟ. ಅವಳು ಅದನ್ನು ಉದ್ದ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಎಡಗಡೆ ಕನ್ನಡ, ಬಲಗಡೆ ಹಿಂದಿ. ಮೂರು ತಿಂಗಳು, ರಾತ್ರಿ ಡ್ಯೂಟಿ ಇಲ್ಲದ ಎಲ್ಲ ದಿನವೂ, ಮಲಗುವ ಮುಂಚೆ ಒಂದು ಗಂಟೆ ಓದಿದಳು. ಇಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ಹೆಚ್ಚು ನೋಡಿಲ್ಲ.

ಅಕ್ಟೋಬರಿನ ಒಂದು ಸಂಜೆ ಬಂದು ಕೂತಳು. ಮಾತಾಡಲಿಲ್ಲ. ನೀರು ಕೊಟ್ಟೆ. ಆಮೇಲೆ ಅಳು ಬಂತು.

ಅವತ್ತು ಬೆಳಗ್ಗೆ ಜಗಳೂರು ಕಡೆಯ ಒಬ್ಬ ಅಜ್ಜಿ ಬಂದಿದ್ದರಂತೆ. ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು, "ಹೊಟ್ಟೆ ತೊಳಸ್ತೈತವ್ವಾ, ಎದೆಯೊಳಗೆ ಸಂಕಟ, ತಲೆ ಗಿರ್ ಅಂತೈತೆ" ಅಂದರಂತೆ. ಡಾಕ್ಟರಮ್ಮನಿಗೆ ಹೊಟ್ಟೆ ತಿಳಿಯಿತು, ಎದೆ ತಿಳಿಯಿತು, ತಲೆ ತಿಳಿಯಿತು. ಅದಾದ ಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಎಷ್ಟು ದಿನದಿಂದ? ಅದನ್ನು ಅವಳು ನೋಟ್‌ಬುಕ್ಕಿನಲ್ಲಿ ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. ಆ ಹೊತ್ತಿಗೆ ಬರಲಿಲ್ಲ. ಅಜ್ಜಿ ಅವಳ ಮುಖ ನೋಡುತ್ತಾ ಕೂತರು. ಅವಳು ಅಜ್ಜಿಯ ಮುಖ ನೋಡುತ್ತಾ ಕೂತಳು. ಪಕ್ಕದಲ್ಲಿದ್ದ ಸಿಸ್ಟರ್ ಪ್ರಶ್ನೆ ಕೇಳಿ ಮುಗಿಸಿದರು.

"ಟೀಚರ್, ಅದು ಮೂರನೇ ಪುಟದಲ್ಲಿದೆ. ಎಡಗಡೆ, ಕೆಳಗಿನಿಂದ ನಾಲ್ಕನೇ ಸಾಲು. ಹಸಿರು ಶಾಯಿಯಲ್ಲಿ ಬರೆದಿದ್ದೇನೆ. ಅದೆಲ್ಲ ಕಣ್ಣಿಗೆ ಕಟ್ಟಿತ್ತು. ಪದ ಮಾತ್ರ ಬರಲಿಲ್ಲ" ಅಂದಳು. ಮೆಟ್ಟಿಲು ಇಳಿಯುವಾಗ ತಾನಾಗೇ ಬಂತಂತೆ.

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಪಟ್ಟಿ ನನ್ನದು. ಓದುವ ರೀತಿಯೂ ನಾನೇ ಹೇಳಿಕೊಟ್ಟದ್ದು.

ಮೊದಲು ಅಳೆದು ನೋಡಿದ್ದು

ಮಾರನೆಯ ಭಾನುವಾರ ಅವಳ ನೋಟ್‌ಬುಕ್ಕಿನಿಂದ 40 ಪದ ಆರಿಸಿದೆ. ಮೊದಲು ನಾನು ಕನ್ನಡದಲ್ಲಿ ಹೇಳಿದೆ, ಅವಳು ಅರ್ಥ ಹೇಳಬೇಕು. 34 ಸರಿ ಬಂತು. ಚೆನ್ನಾಗಿಯೇ ಇದೆ ಅಲ್ವಾ? ಆಮೇಲೆ ತಿರುಗಿಸಿದೆ. ಹಿಂದಿ ಪದ ನಾನು ಹೇಳುವುದು, ಕನ್ನಡ ಅವಳು ಹೇಳುವುದು. ನೋಟ್‌ಬುಕ್ಕಿನಲ್ಲಿದ್ದ ಸಾಲಿನ ಪ್ರಕಾರವೇ ಕೇಳಿದಾಗ 19 ಬಂತು. ಮೂರು ದಿನ ಬಿಟ್ಟು ಅದೇ ಪದಗಳನ್ನು ಹಿಂದುಮುಂದು ಮಾಡಿ ಕೇಳಿದೆ. 9 ಬಂತು.

34, 19, 9. ಒಬ್ಬಳೇ ಹುಡುಗಿ, ಅವೇ ಪದಗಳು.

ಗುರುತು ಹಿಡಿಯುವ ಕೆಲಸವೇ ಬೇರೆ, ಒಳಗಿನಿಂದ ಎಳೆದು ತರುವ ಕೆಲಸವೇ ಬೇರೆ. ಎಪಿಎಂಸಿಯ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲ ಒಳಗಿನ ಸಾಲಿನಲ್ಲಿದೆ ಅಂತ ಗೊತ್ತಿರುತ್ತದೆ. ಆದರೆ ದಾರಿ ಬಿಡದೆ ಒಟ್ಟಿದ್ದರೆ ಹಮಾಲರು ಅದನ್ನು ಹೊರಗೆ ತರುವುದು ಹೇಗೆ? ಡಾಕ್ಟರಮ್ಮನ ಪದಗಳು ಹಾಗಿದ್ದವು. ಒಳಗೆ ಇದ್ದವು. ದಾರಿ ಇರಲಿಲ್ಲ. ಇದ್ದ ಒಂದೇ ದಾರಿ ಪುಟದ ಮೂಲಕ ಹೋಗುತ್ತಿತ್ತು. ಮೇಲಿನ ಪದ ಕೆಳಗಿನ ಪದವನ್ನು ನೆನಪಿಸುತ್ತಿತ್ತು. ಅದಕ್ಕೇ ಸಾಲಾಗಿ ಕೇಳಿದಾಗ 19, ಕಲಸಿ ಕೇಳಿದಾಗ 9. ಅಜ್ಜಿಯ ಮುಖದ ಮೇಲೆ ಮೂರನೇ ಪುಟ ಬರೆದಿರುವುದಿಲ್ಲವಲ್ಲ.

ನೆನಪಿನ ಅಧ್ಯಯನದಲ್ಲಿ ಇದು ಹಳೆಯ ವಿಷಯ. ಕಲಿಯುವಾಗ ಯಾವ ಸುಳಿವಿನ ಜೊತೆ ಕಲಿತಿರುತ್ತೇವೋ ಆ ಸುಳಿವು ಸಿಕ್ಕಾಗ ನೆನಪು ಸುಲಭವಾಗಿ ಬರುತ್ತದೆ ಎಂದು ಎಂಡೆಲ್ ಟಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ 1973ರಲ್ಲಿ ತೋರಿಸಿದರು. ನಾಲಿಗೆ ತುದಿಯಲ್ಲಿದ್ದು ಬಾಯಿಗೆ ಬಾರದ ಪದಗಳ ಮೇಲೆ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲೇ ಕೆಲಸ ಮಾಡಿದ್ದರು. ಆ ಸ್ಥಿತಿಯಲ್ಲಿ ಜನ ಪದದ ಮೊದಲ ಅಕ್ಷರವನ್ನೋ, ಅದು ಎಷ್ಟು ತುಂಡಿನ ಪದ ಎಂಬುದನ್ನೋ ಎಷ್ಟೋ ಸಲ ಸರಿಯಾಗಿ ಊಹಿಸುತ್ತಿದ್ದರು. ಡಾಕ್ಟರಮ್ಮನಿಗೆ ಶಾಯಿಯ ಬಣ್ಣ ನೆನಪಿದ್ದದ್ದೂ ಆ ಜಾತಿಯದೇ ಎಂದು ನನಗನ್ನಿಸುತ್ತದೆ. ಪದದ ಸುತ್ತಮುತ್ತ ಎಲ್ಲ ಇದೆ, ನಡುವೆ ಪದವೊಂದಿಲ್ಲ.

ಎಲ್ಲೆಲ್ಲಿ ಕಟ್ಟಿಕೊಂಡಿತ್ತು

ತಪ್ಪಿದ ಪದಗಳನ್ನು ಎದುರಿಗಿಟ್ಟುಕೊಂಡು ಇಬ್ಬರೂ ಕೂತೆವು. ತಪ್ಪುಗಳೆಲ್ಲ ಒಂದೇ ಥರ ಇರಲಿಲ್ಲ.

ಮೊದಲನೆಯದು ನಿನ್ನೆ-ನಾಳೆ. ಹಿಂದಿಯಲ್ಲಿ ಎರಡಕ್ಕೂ ಒಂದೇ ಪದ, 'ಕಲ್'. ಮೊನ್ನೆಗೂ ನಾಡಿದ್ದಿಗೂ ಒಂದೇ, 'ಪರ್ಸೋಂ'. ವಾಕ್ಯದ ಕ್ರಿಯಾಪದ ನೋಡಿ ಹಿಂದೋ ಮುಂದೋ ಎಂದು ತಿಳಿದುಕೊಳ್ಳುತ್ತಾರೆ. ಹಾಗೆ ಬೆಳೆದವಳಿಗೆ ನಾನು ನಾಲ್ಕು ಕನ್ನಡ ಪದಗಳನ್ನು ಒಂದೇ ದಿನ, ಒಂದರ ಕೆಳಗೊಂದು ಕೊಟ್ಟಿದ್ದೆ. ಅದರಲ್ಲೂ ನಿನ್ನೆ, ನಾಳೆ, ನಾಡಿದ್ದು ಮೂರೂ 'ನ'ದಿಂದ ಶುರು. ಅವಳು ಒಬ್ಬ ರೈತರಿಗೆ ರಿಪೋರ್ಟ್ ತೆಗೆದುಕೊಂಡು "ನಿನ್ನೆ ಬನ್ನಿ" ಅಂದಿದ್ದಳಂತೆ. ಅವರು ಪಾಪ ಚೀಟಿ ತಿರುಗಿಸಿ ತಿರುಗಿಸಿ ನೋಡಿದರಂತೆ.

ಒಂದೇ ಗುಂಪಿನ ಪದಗಳನ್ನು ಒಟ್ಟಿಗೆ ಕಲಿಸಿದರೆ ಒಂದು ಇನ್ನೊಂದನ್ನು ತಳ್ಳುತ್ತದೆ, ಸಂಬಂಧವಿಲ್ಲದ ಪದಗಳಿಗಿಂತ ನಿಧಾನವಾಗಿ ಹತ್ತುತ್ತವೆ ಎಂದು ಥಾಮಸ್ ಟಿಂಕಮ್ 1990ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ನಾವು ಕಲಿಸುವವರು ಮಾಡುವುದು ಅದರ ಉಲ್ಟಾ. ಬಣ್ಣಗಳೆಲ್ಲ ಒಂದು ಪಾಠ, ಹಣ್ಣುಗಳೆಲ್ಲ ಒಂದು ಪಾಠ. ಪುಟ ಚೆಂದ ಕಾಣುತ್ತದೆ. ಹಿಂದಿನಿಂದ ಹಾಗೇ ನಡೆದು ಬಂದಿದೆ. ನಾನೂ ಪ್ರಶ್ನೆ ಮಾಡಿರಲಿಲ್ಲ.

ಎರಡನೆಯದು ಸದ್ದಿನ ಗೊಂದಲ. ಬೆನ್ನು ಮತ್ತು ಬೆಣ್ಣೆ. ದಾವಣಗೆರೆಗೆ ಬಂದವರು ಮೊದಲ ವಾರವೇ ಬೆಣ್ಣೆ ದೋಸೆ ತಿನ್ನುತ್ತಾರೆ. ಆ ಪದ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಬರುವ ಬೆನ್ನಿಗೆ ಜಾಗವಿಲ್ಲ. ಕೂಲಿ ಮಾಡಿ ಬೆನ್ನು ಹಿಡಿದುಕೊಂಡು ಬಂದವರಿಗೆ "ಬೆಣ್ಣೆ ನೋವಾ?" ಎಂದು ಕೇಳಿದ್ದಳು. ಹಾಗೆಯೇ ಕತ್ತು, ಕತ್ತಲೆ. ಮಗು, ಮೂಗು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿತು. ಎರಡೂ ಭಾಷೆಯಲ್ಲಿರುವ, ಆದರೆ ಅರ್ಥ ಜರುಗಿಹೋಗಿರುವ ಪದಗಳು. ಹಿಂದಿಯ 'ಸಂಕಟ್' ಎಂದರೆ ಆಪತ್ತು, ಬಿಕ್ಕಟ್ಟು. ನಮ್ಮ ಅಜ್ಜಿ ಸಂಕಟ ಅಂದರೆ ಎದೆಯಲ್ಲೋ ಹೊಟ್ಟೆಯಲ್ಲೋ ಆಗುವ ಒಂದು ತಳಮಳ. ಹಿಂದಿಯಲ್ಲಿ 'ಸುಸ್ತ್' ಎಂದರೆ ಸೋಮಾರಿ, ಜಡ. ನಮಗೆ ಸುಸ್ತು ಎಂದರೆ ದಣಿವು. 'ಅವಸರ್' ಎಂದರೆ ಅವರಿಗೆ ಅವಕಾಶ, ನಮಗೆ ತರಾತುರಿ. 'ಅನುಮಾನ್' ಎಂದರೆ ಅಂದಾಜು, ನಮಗೆ ಸಂಶಯ. ಇಂಥ ಪದ ಕಿವಿಗೆ ಬಿದ್ದಾಗ ಗೊತ್ತಿಲ್ಲ ಅಂತ ಅನ್ನಿಸುವುದೇ ಇಲ್ಲ. ಗೊತ್ತಿಲ್ಲದ ಪದವಾದರೆ ಕೇಳುತ್ತಾರೆ. ಗೊತ್ತಿದೆ ಅನ್ನಿಸಿದ ಪದವನ್ನು ಯಾರು ಕೇಳುತ್ತಾರೆ? ಡಾಕ್ಟರ ಕೈಯಲ್ಲಿ ಇದು ಸಣ್ಣ ವಿಷಯವಲ್ಲ. ಎದೆ ಸಂಕಟ ಎಂದವರನ್ನು ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡರೆ ಏನಾದೀತು?

ಹಾಗಂತ ಹಿಂದಿ ಬರುವುದು ಬರೀ ತೊಂದರೆ ಅನ್ನಬಾರದು. ದಿನ, ಕಾರಣ, ರೋಗ, ಖಾಲಿ, ತಯಾರಿ ಇವೆಲ್ಲ ಅವಳಿಗೆ ಪುಕ್ಕಟೆ ಸಿಕ್ಕ ಪದಗಳು. "ನಿಮಗೆ ಜ್ವರ ಇದೆಯಾ" ಎನ್ನುವ ವಾಕ್ಯದ ಕಟ್ಟಡವೂ ಅವಳ ಭಾಷೆಯಲ್ಲಿ ಹಾಗೆಯೇ ಇದೆ. ಅಲ್ಲಿಯೂ ಜ್ವರ ಬರುವುದು 'ನಿಮಗೆ'. ಕೊನೆಗೆ ಬರುವುದು ಕ್ರಿಯಾಪದ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದನ್ನು ಹೇಳಿಕೊಡಲು ವಾರಗಟ್ಟಲೆ ಬೇಕು.

ಇನ್ನು ಮಾತಿನ ಬಗೆ. ದಾವಣಗೆರೆ ನಾಡಿನ ನಡುವೆ ಕೂತ ಊರು. ಹರಪನಹಳ್ಳಿ, ರಾಣೆಬೆನ್ನೂರು ಕಡೆಯವರು "ಹೊಟ್ಟಿ ಬ್ಯಾನಿ" ಅನ್ನುತ್ತಾರೆ. ಹೊಳಲ್ಕೆರೆ, ಚಿತ್ರದುರ್ಗದ ಕಡೆಯವರು "ಹೊಟ್ಟೆನೋವು ಐತೆ" ಅನ್ನುತ್ತಾರೆ. ನನ್ನ ಪಟ್ಟಿಯಲ್ಲಿದ್ದದ್ದು "ಹೊಟ್ಟೆ ನೋಯುತ್ತಿದೆ". ಆ ಮಾತನ್ನು ಹಾಗೇ ಹೇಳುವ ರೋಗಿ ಅವಳಿಗೆ ಮೂರು ತಿಂಗಳಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

ಲಗ್ನಪತ್ರಿಕೆಯ ಚೀಟಿಗಳು

ನೋಟ್‌ಬುಕ್ಕನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳೇ ಹಾಗೆ ಕೇಳಿದಳು, ಇಲ್ಲದಿದ್ದರೆ ಕೈ ಹೋಗುತ್ತದೆ ಅಂತ.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಕಟ್ಟುಗಟ್ಟಲೆ ಇದ್ದವು. ದಪ್ಪ ಕಾಗದ. ಹಿಂಬದಿ ಖಾಲಿ. ಎರಡೆರಡು ಖಾಲಿ ಬದಿ ಅಂಟಿಸಿ ಚೀಟಿ ಮಾಡಿದೆವು. ಒಂದು ಬದಿ ಹಿಂದಿಯಲ್ಲಿ ಒಂದು ಸನ್ನಿವೇಶ: 'ಅಜ್ಜಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಾರೆ. ಯಾವಾಗಿನಿಂದ ಎಂದು ಕೇಳು.' ಇನ್ನೊಂದು ಬದಿ ಕನ್ನಡ: 'ಎಷ್ಟು ದಿನದಿಂದ ಅಮ್ಮಾ?' ಬಿಡಿ ಪದ ಬರೆಯಲಿಲ್ಲ. ಅವಳಿಗೆ ಬೇಕಾದಾಗ ಎದುರಿಗೆ ಇರುವುದು ಹಿಂದಿ ಪದವಲ್ಲ, ಹೊಟ್ಟೆ ಹಿಡಿದುಕೊಂಡ ಅಜ್ಜಿ. ಸುಳಿವು ಅದೇ ಇರಲಿ ಅಂತ. ಕೆಲವು ಚೀಟಿ ಇದಕ್ಕೆ ತಿರುವುಮುರುವು: ರೋಗಿಯ ಮಾತು ಒಂದು ಬದಿ, ಅವಳು ಕೇಸ್ ಶೀಟಿನಲ್ಲಿ ಬರೆಯಬೇಕಾದ್ದು ಇನ್ನೊಂದು ಬದಿ. ಡಾಕ್ಟರಿಗೆ ಎರಡು ದಿಕ್ಕೂ ಬೇಕು. ಆದರೆ ಒಂದು ದಿಕ್ಕಿನ ಅಭ್ಯಾಸ ಇನ್ನೊಂದನ್ನು ತಾನಾಗಿ ತಂದುಕೊಡುವುದಿಲ್ಲ ಎಂದು ಆ 34 ಮತ್ತು 9 ನೋಡಿ ಗೊತ್ತಾಗಿತ್ತು.

ನಿಯಮ ಒಂದೇ. ಚೀಟಿ ತಿರುಗಿಸುವ ಮುಂಚೆ ಬಾಯಿ ಬಿಟ್ಟು ಹೇಳಬೇಕು. ಮನಸ್ಸಿನಲ್ಲೇ ಅಂದುಕೊಂಡರೆ ಲೆಕ್ಕಕ್ಕಿಲ್ಲ. ತಪ್ಪಾದರೂ ಹೇಳಬೇಕು.

ಮೂರು ಮಿಠಾಯಿ ಡಬ್ಬಿ ಇಟ್ಟೆವು. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಬಂದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ. ತಪ್ಪಿದ್ದು ಎಲ್ಲೇ ಇರಲಿ ಮೊದಲನೆಯದಕ್ಕೆ ವಾಪಸ್. ಈ ಡಬ್ಬಿ ಪದ್ಧತಿ ನನ್ನದಲ್ಲ. ಸೆಬಾಸ್ಟಿಯನ್ ಲೈಟ್ನರ್ ಎನ್ನುವವರು 1972ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕದಿಂದ ಹೆಸರಾಯಿತು. ಈಗಿನ ಎಷ್ಟೋ ಮೊಬೈಲ್ ಆ್ಯಪ್‌ಗಳ ಹಿಂದೆ ಇರುವುದೂ ಇದೇ ಯೋಚನೆ. ಮೊಬೈಲ್ ಬೇಡ ಅಂದದ್ದು ಅವಳೇ. ಅದನ್ನು ತೆಗೆದರೆ ಆಸ್ಪತ್ರೆಯ ಗ್ರೂಪಿನ ಮೆಸೇಜುಗಳೇ ಕಾಣುತ್ತವೆ ಅಂದಳು.

ಹೀಗೆ ಎಳೆದು ತರುವ ಅಭ್ಯಾಸವನ್ನೇ ಯಾಕೆ ನಂಬಿದೆ ಎಂದು ಹೇಳಬೇಕು. ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಕಣ್ಣು ತೆರೆಸಿತು. ಅಮೆರಿಕದ ಕಾಲೇಜು ಹುಡುಗರಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದ ಜೊತೆ ಕಲಿಸಿದರು. ಒಂದು ಪದ ಒಮ್ಮೆ ನೆನಪಾದ ಮೇಲೆ ಕೆಲವರಿಗೆ ಅದನ್ನು ಮತ್ತೆ ಮತ್ತೆ ಓದಲು ಮಾತ್ರ ಕೊಟ್ಟರು. ಕೆಲವರಿಗೆ ಅದರ ಅರ್ಥವನ್ನು ಮತ್ತೆ ಮತ್ತೆ ಕೇಳಿದರು. ವಾರದ ನಂತರ, ಪದೇ ಪದೇ ಪ್ರಶ್ನೆಗೆ ಉತ್ತರ ಹೇಳಿದವರಿಗೆ ನೂರಕ್ಕೆ 80ರಷ್ಟು ನೆನಪಿತ್ತು. ಬರೀ ಓದಿದವರಿಗೆ ಮೂರನೇ ಒಂದು ಭಾಗದಷ್ಟು. ಇನ್ನೂ ದೊಡ್ಡ ವಿಷಯ ಏನು ಗೊತ್ತಾ? ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದರು. ಎಲ್ಲ ಗುಂಪಿನವರೂ ಅರ್ಧದಷ್ಟು ಎಂದಿದ್ದರು. ಅಂದರೆ ತನಗೆ ಯಾವುದು ಉಪಯೋಗ ಆಗುತ್ತಿದೆ ಎಂದು ಕಲಿಯುವವನಿಗೇ ತಿಳಿಯುವುದಿಲ್ಲ.

ಇದು ಡಾಕ್ಟರಮ್ಮನಲ್ಲಿ ಹಾಗೇ ಕಂಡಿತು. ಮೊದಲ ಎರಡು ವಾರ ಅವಳಿಗೆ ನರಕ. ನೋಟ್‌ಬುಕ್ ಓದುವಾಗ ಎಲ್ಲ ಬರುತ್ತಿದೆ ಎಂಬ ನೆಮ್ಮದಿ ಇತ್ತು. ಚೀಟಿ ಹಿಡಿದರೆ ಹತ್ತರಲ್ಲಿ ಆರು ಬರುತ್ತಿರಲಿಲ್ಲ. "ಟೀಚರ್, ಬರುತ್ತಿದ್ದದ್ದೂ ಹೋಯ್ತು. ನೋಟ್‌ಬುಕ್ ಕೊಡಿ" ಎಂದು ಎರಡು ಸಲ ಕೇಳಿದಳು. ನನಗೂ ಒಳಗೆ ಅಳುಕು. ಮೂರು ತಿಂಗಳು ನನ್ನ ಮಾತು ನಂಬಿ ಓದಿದವಳು, ಈಗ ಮತ್ತೆ ನನ್ನ ಮಾತು ನಂಬಿ ಕಷ್ಟಪಡುತ್ತಿದ್ದಾಳೆ. ಆದರೂ ಕೊಡಲಿಲ್ಲ. ಹೋದದ್ದು ಏನೂ ಇಲ್ಲ, ಇಲ್ಲದ್ದು ಈಗ ಕಾಣುತ್ತಿದೆ ಅಷ್ಟೇ ಎಂದೆ.

ನಿನ್ನೆ-ನಾಳೆಗೆ ಬೇರೆ ಉಪಾಯ ಮಾಡಿದೆವು. ನಾಲ್ಕರಲ್ಲಿ ಮೂರು ಚೀಟಿ ತೆಗೆದುಬಿಟ್ಟೆ. 'ನಾಳೆ ಬನ್ನಿ' ಒಂದನ್ನೇ ಉಳಿಸಿದೆ. ಎರಡು ವಾರ ಅದೊಂದೇ. ಅದು ಕೂತ ಮೇಲೆ 'ನಿನ್ನೆಯಿಂದ' ಸೇರಿಸಿದೆ. ಬರೀ 'ನಿನ್ನೆ' ಅಲ್ಲ, 'ನಿನ್ನೆಯಿಂದ ಜ್ವರ'. ಆಸ್ಪತ್ರೆಯಲ್ಲಿ ಹಿಂದಿನ ದಿನಗಳಿಗೆಲ್ಲ 'ಇಂದ' ಅಂಟಿಕೊಂಡಿರುತ್ತದೆ, ಮುಂದಿನ ದಿನಗಳಿಗೆಲ್ಲ 'ಬನ್ನಿ' ಅಂಟಿಕೊಂಡಿರುತ್ತದೆ. ನಿನ್ನೆಯಿಂದ, ಮೊನ್ನೆಯಿಂದ. ನಾಳೆ ಬನ್ನಿ, ನಾಡಿದ್ದು ಬನ್ನಿ. ಹನ್ನೊಂದು ವರ್ಷ ಕಲಿಸಿದರೂ ಈ ಸರಳ ವಿಷಯ ನನಗೆ ಹೊಳೆದದ್ದು ಅವಳ ತಪ್ಪುಗಳನ್ನು ನೋಡಿದ ಮೇಲೆ.

ಬೆನ್ನಿಗೆ ಒಂದು ಚಿತ್ರ ಕಟ್ಟಿದೆವು. ಬೆಣ್ಣೆ ದೋಸೆಯ ಒಲೆಯ ಮುಂದೆ ಬೆಳಗ್ಗಿನಿಂದ ನಿಂತ ಅಡುಗೆಯವರು, ಕೆಲಸ ಮುಗಿಸಿ ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಬಾಗುತ್ತಿದ್ದಾರೆ. ಬೆಣ್ಣೆ ಮುಂದೆ, ಬೆನ್ನು ಹಿಂದೆ. ಗೊತ್ತಿರುವ ಸದ್ದಿನಿಂದ ಹೊಸ ಪದಕ್ಕೆ ಚಿತ್ರದ ಸೇತುವೆ ಹಾಕುವ ಈ ರೀತಿಯನ್ನು ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾಗ್ 1975ರಲ್ಲಿ 120 ರಷ್ಯನ್ ಪದಗಳ ಮೇಲೆ ಪರೀಕ್ಷಿಸಿದ್ದರು. ಚಿತ್ರ ಕಟ್ಟಿದವರಿಗೆ ನೂರಕ್ಕೆ 72, ಕಟ್ಟದವರಿಗೆ 46 ನೆನಪಿತ್ತು. ನನ್ನ ಅನಿಸಿಕೆ, ಇದನ್ನು ಹಟಮಾರಿ ಪದಗಳಿಗೆ ಮಾತ್ರ ಇಟ್ಟುಕೊಳ್ಳಬೇಕು. ಎಲ್ಲ ಪದಕ್ಕೂ ಚಿತ್ರ ಕಟ್ಟುತ್ತಾ ಕೂತರೆ ಮಾತು ಓಡುವುದಿಲ್ಲ. ರೋಗಿ ಎದುರಿಗಿದ್ದಾಗ ಒಲೆ, ದೋಸೆ, ಅಡುಗೆಯವರು ಎಂದು ಸುತ್ತಿ ಬರಲು ಹೊತ್ತೆಲ್ಲಿ? ಡಾಕ್ಟರಮ್ಮ ಒಟ್ಟು ಏಳೆಂಟು ಪದಗಳಿಗೆ ಹೀಗೆ ಮಾಡಿದಳು. ಒಂದು ತಿಂಗಳಲ್ಲಿ ಚಿತ್ರ ಮಾಸಿತು, ಪದ ಉಳಿಯಿತು.

ಹತ್ತು ಎಣಿಸುವ ಸಿಸ್ಟರ್

ಇಷ್ಟೆಲ್ಲ ಮಾಡಿದರೂ ಆಸ್ಪತ್ರೆಯಲ್ಲಿ ಬದಲಾವಣೆ ಕಡಿಮೆ ಇತ್ತು. ಮನೆಯಲ್ಲಿ ಬರುವ ಮಾತು ಅಲ್ಲಿ ಬರುತ್ತಿರಲಿಲ್ಲ. ಯಾಕೆ ಎಂದು ನನಗೆ ತಿಳಿಯಲಿಲ್ಲ. ನವೆಂಬರಿನಲ್ಲಿ ಅವಳನ್ನು ಒಂದೊಂದು ರೋಗಿಯ ಹತ್ತಿರ ಏನೇನಾಯಿತು ಎಂದು ಬಿಡಿಸಿ ಬಿಡಿಸಿ ಕೇಳಿದೆ. ಆಗ ಗೊತ್ತಾಯಿತು.

ಸಿಸ್ಟರ್ ಒಳ್ಳೆಯವರು. ಡಾಕ್ಟರಮ್ಮ ತಡವರಿಸಿದ ಕೂಡಲೇ ಪ್ರಶ್ನೆ ಅವರೇ ಕೇಳಿಬಿಡುತ್ತಿದ್ದರು. ರೋಗಿಗಳೂ ಒಳ್ಳೆಯವರು. ಅವಳ ಮುಖ ನೋಡಿ ಬಂದಷ್ಟು ಹಿಂದಿಯಲ್ಲಿ ಹೇಳುತ್ತಿದ್ದರು. ಉರ್ದು ಮನೆಮಾತಿನವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಅವಳಿಗೆ ಕನ್ನಡವೇ ಬೇಕಾಗಿರಲಿಲ್ಲ. ಹೊರಗಿನಿಂದ ಬಂದವರ ಮೇಲೆ ನಮ್ಮ ಜನಕ್ಕಿರುವ ಪ್ರೀತಿ ಅದು. ಆದರೆ ಪದ ನಾಲಿಗೆಗೆ ಬರಲು ಬೇಕಾದ ಆ ನಾಲ್ಕೈದು ಸೆಕೆಂಡು ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಪ್ರತಿ ಸಲವೂ ಬೇರೆಯವರ ಬಾಯಿಂದ ಪದ ಬಂದು, ಅವಳಿಗೆ ಅದು ಮತ್ತೆ ಓದಿದಂತೆಯೇ ಆಗುತ್ತಿತ್ತು.

ಡಾಕ್ಟರಮ್ಮ ಸಿಸ್ಟರ್ ಹತ್ತಿರ ಹೋಗಿ ಬೇಡಿಕೊಂಡಳು. ನಾನು ನಿಂತಾಗ ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೂ ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ, ಅದಾದ ಮೇಲೂ ಬರದಿದ್ದರೆ ಪೂರ್ತಿ ಹೇಳಿ ಎಂದಳು. ತೀರಾ ತುರ್ತಿನ ರೋಗಿ ಬಂದಾಗ ಈ ನಿಯಮ ಇಲ್ಲ. ಸಿಸ್ಟರ್ ಒಪ್ಪಿದರು. ಮೇಜಿನ ಅಂಚಿನ ಮೇಲೆ ಬೆರಳಿನಲ್ಲಿ ಸದ್ದಿಲ್ಲದೆ ಎಣಿಸುತ್ತಿದ್ದರಂತೆ. ಹೆಚ್ಚಿನ ಸಲ ಆರು, ಏಳಕ್ಕೇ ಪದ ಬಂದುಬಿಡುತ್ತಿತ್ತು.

ಈ ಪ್ರಕರಣದಲ್ಲಿ ನಿಜವಾದ ತಿರುವು ಇದೇ ಎಂದು ನಾನು ನಂಬಿದ್ದೇನೆ. ಚೀಟಿಗಳು ದಾರಿ ಮಾಡಿದವು. ಆ ದಾರಿಯಲ್ಲಿ ದಿನಾ ನಡೆಯಲು ಬಿಟ್ಟವರು ಸಿಸ್ಟರ್.

ಸಂಜೆ ಬರುವಾಗ ತಪ್ಪಿದ ಮಾತುಗಳನ್ನು ಕೇಸ್ ಶೀಟಿನ ಹಾಳೆಯ ಚಿಕ್ಕ ಚೂರಿನಲ್ಲಿ ಬರೆದುಕೊಂಡು ಬರುತ್ತಿದ್ದಳು. ನನ್ನ 600 ಪದಗಳಲ್ಲಿ ಇಲ್ಲದ ಪದಗಳೇ ಜಾಸ್ತಿ. ಹೊಟ್ಟೆ ತೊಳಸುವುದು. ಕೈಕಾಲು ಜೋಮು ಹಿಡಿಯುವುದು. ಎದೆ ಡವಡವ ಅನ್ನುವುದು. ದಮ್ಮು ಕಟ್ಟುವುದು. ಕಣ್ಣು ಕತ್ತಲೆ ಬರುವುದು. ಮೈ ಜುಮ್ಮೆನ್ನುವುದು. ನಾನು ಪುಸ್ತಕದ ಕನ್ನಡ ಕೊಟ್ಟಿದ್ದೆ, ಜನ ಅವಳಿಗೆ ಮೈಯ ಕನ್ನಡ ಕೊಟ್ಟರು. ಈ ಚೀಟಿಗಳು ಬೇರೆಯವಕ್ಕಿಂತ ಬೇಗ ಮೂರನೇ ಡಬ್ಬಿಗೆ ಹೋಗುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಮುಖ ಇತ್ತು, ಅದಕ್ಕೇ ಇರಬೇಕು.

ಬಿಡುವು ಬಿದ್ದಾಗ

ಡಿಸೆಂಬರಿನಲ್ಲಿ ಸತತ ರಾತ್ರಿ ಡ್ಯೂಟಿ ಬಿದ್ದು ಒಂಬತ್ತು ದಿನ ಡಬ್ಬಿ ಮುಟ್ಟಲಾಗಲಿಲ್ಲ. ಎಲ್ಲ ಹೋಯಿತು ಎಂದು ಹೆದರಿದ್ದಳು. ಕೂತು ನೋಡಿದೆವು. ಮೊದಲ ಡಬ್ಬಿಯಲ್ಲಿದ್ದವು ಬಹುಪಾಲು ಹೋಗಿದ್ದವು. ಎರಡು, ಮೂರನೆಯದರಲ್ಲಿದ್ದವು ತುಸು ತಡೆದು ಬಂದವು. ಹೋದವೂ ಎರಡೇ ದಿನದಲ್ಲಿ ವಾಪಸ್ ಬಂದವು. ಮೊದಲ ಸಲ ಅವಕ್ಕೆ ವಾರ ಹಿಡಿದಿತ್ತು.

ಅವಳಿಗೆ ಹರ್ಮನ್ ಎಬ್ಬಿಂಗ್‌ಹೌಸ್ ಬಗ್ಗೆ ಹೇಳಿದೆ. ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಮರೆವಿನ ಲೆಕ್ಕ ಬರೆದ ಜರ್ಮನ್ ಅವರು. ಅರ್ಥವಿಲ್ಲದ ತುಂಡು ಶಬ್ದಗಳ ಸಾಲುಗಳನ್ನು ಬಾಯಿಪಾಠ ಮಾಡುವುದು, ಬಿಡುವುದು, ಮತ್ತೆ ಕಲಿಯಲು ಎಷ್ಟು ಕಡಿಮೆ ಹೊತ್ತು ಸಾಕಾಯಿತು ಎಂದು ನೋಡುವುದು. ಒಂದು ದಿನದ ನಂತರ ಆ ಹೊತ್ತಿನ ಉಳಿತಾಯ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಎಲ್ಲರೂ ಹೇಳುವುದು ಇಷ್ಟನ್ನೇ, ಒಂದೇ ದಿನದಲ್ಲಿ ಅಷ್ಟು ಹೋಯಿತು ಅಂತ. ನನಗೆ ಮುಖ್ಯ ಅನ್ನಿಸುವುದು ಆಚೆ ತುದಿ. ಒಂದು ತಿಂಗಳಾದ ಮೇಲೂ ಐದನೇ ಒಂದು ಭಾಗದಷ್ಟು ಉಳಿತಾಯ ಇತ್ತು, ಅದೂ ಅರ್ಥವೇ ಇಲ್ಲದ ಶಬ್ದಗಳಿಗೆ.

ಇನ್ನೊಂದು ಅಧ್ಯಯನ ಅವಳಿಗೆ ಧೈರ್ಯ ಕೊಟ್ಟಿತು. ಹ್ಯಾರಿ ಬಾರಿಕ್ ಮತ್ತು ಅವರ ಮನೆಯ ಮೂವರು, ಒಟ್ಟು ನಾಲ್ಕು ಜನ, ತಲಾ 300 ಪರಭಾಷೆಯ ಪದಗಳನ್ನು 14, 28, 56 ದಿನಗಳ ಅಂತರದಲ್ಲಿ ಅಭ್ಯಾಸ ಮಾಡಿ, ಆಮೇಲೆ ವರ್ಷಗಟ್ಟಲೆ ಕಾದು ಪರೀಕ್ಷಿಸಿಕೊಂಡರು. 1993ರಲ್ಲಿ ಪ್ರಕಟವಾಯಿತು. 56 ದಿನಕ್ಕೊಮ್ಮೆ 13 ಸಲ ಮಾಡಿದ ಅಭ್ಯಾಸ, 14 ದಿನಕ್ಕೊಮ್ಮೆ 26 ಸಲ ಮಾಡಿದ್ದಕ್ಕೆ ಸರಿಸಮ ನಿಂತಿತು. ಮನೆಮಂದಿಯೆಲ್ಲ ಕೂತು ಅಷ್ಟು ವರ್ಷ ಪದ ಕಲಿತದ್ದನ್ನು ಕೇಳಿ ಡಾಕ್ಟರಮ್ಮನಿಗೆ ಖುಷಿಯಾಯಿತು. ಅವತ್ತೇ ತಿಂಗಳಿಗೊಮ್ಮೆ ತೆರೆಯುವ ನಾಲ್ಕನೇ ಡಬ್ಬಿ ಇಟ್ಟಳು.

ಎಲ್ಲಿಗೆ ಬಂತು

ಫೆಬ್ರವರಿಯ ಕೊನೆಗೆ, ಅವೇ 40 ಪದಗಳನ್ನು ಕಲಸಿ ಹಿಂದಿಯಿಂದ ಕನ್ನಡಕ್ಕೆ ಕೇಳಿದೆ. 35 ಬಂತು. ಅಕ್ಟೋಬರಿನಲ್ಲಿ 9 ಇತ್ತು. ಒಬ್ಬಳ ಲೆಕ್ಕದಿಂದ ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ. ಅವಳು ಆ ನಡುವೆ ದಿನಾ ಕನ್ನಡದ ಜನರ ನಡುವೆ ಇದ್ದಳು, ಅದರ ಪಾಲೂ ಇದೆ. ಆದರೆ ಮೊದಲ ಮೂರು ತಿಂಗಳೂ ಅವಳು ಅದೇ ಜನರ ನಡುವೆ ಇದ್ದಳು ಎಂಬುದನ್ನು ಮರೆಯಬಾರದು.

ಇನ್ನೂ ಆಗದಿರುವುದು ಇದೆ. ಎಪ್ಪತ್ತು, ಎಂಬತ್ತು, ತೊಂಬತ್ತು ಕೇಳಿದಾಗ ಈಗಲೂ ಅರೆಕ್ಷಣ ನಿಲ್ಲುತ್ತಾಳೆ. ವಯಸ್ಸಾದವರು ಹಲ್ಲಿಲ್ಲದ ಬಾಯಲ್ಲಿ ಬೇಗ ಬೇಗ ಹೇಳಿದರೆ ಹಿಡಿಯುವುದಿಲ್ಲ. ಡ್ಯೂಟಿಯ ಕೊನೆಯಲ್ಲಿ ದಣಿದಾಗ ನಾಡಿದ್ದು, ಮೊನ್ನೆ ಅದಲುಬದಲಾಗುತ್ತದೆ. ಹಾಗಾಗಿ ದಿನ ಹೇಳುವಾಗ ಚೀಟಿಯ ಮೇಲೆ ತಾರೀಖು ಕೂಡ ಬರೆದುಕೊಡುತ್ತಾಳೆ. ಇದು ಅವಳೇ ಮಾಡಿಕೊಂಡ ರೂಢಿ. ರೋಗಿಯ ವಿಷಯದಲ್ಲಿ ನೆನಪನ್ನು ಮಾತ್ರ ನೆಚ್ಚಿಕೊಳ್ಳಬಾರದು ಎನ್ನುತ್ತಾಳೆ. ಸರಿ ಇದೆ.

ನನ್ನ 600 ಪದಗಳ ಪಟ್ಟಿಯನ್ನು ಈಗ ಯಾರಿಗೂ ಕೊಡುತ್ತಿಲ್ಲ. ಹೊಸಬರು ಬಂದರೆ ಮೊದಲ ದಿನ ಒಂದೇ ಕೇಳುತ್ತೇನೆ: ನಾಳೆ ಬೆಳಗ್ಗೆ ನೀವು ಯಾರ ಎದುರಿಗೆ ನಿಲ್ಲುತ್ತೀರಿ, ಅವರಿಗೆ ಏನು ಹೇಳಬೇಕು? ಮೂರು ವಾಕ್ಯ ಸಾಕು. ಪುಸ್ತಕ ಮುಚ್ಚಿ ಹೇಳಿಸುತ್ತೇನೆ. ಮಾರನೆಯ ದಿನ ನಾನು ಏನೂ ಹೇಳುವ ಮುಂಚೆ ಅವರಿಂದಲೇ ಹೇಳಿಸುತ್ತೇನೆ.

ಏಪ್ರಿಲಿನಲ್ಲಿ ಡಾಕ್ಟರಮ್ಮ ರಜೆಯ ಮೇಲೆ ಊರಿಗೆ ಹೋದಳು. ಮೂರು ವಾರ ಒಂದು ಮಾತೂ ಕನ್ನಡ ಇಲ್ಲ. ಡಬ್ಬಿಗಳು ಇಲ್ಲೇ ನನ್ನ ಬೀರುವಿನಲ್ಲಿ, ಆ ನೋಟ್‌ಬುಕ್ಕಿನ ಪಕ್ಕ ಇದ್ದವು. ವಾಪಸ್ ಹೊರಡುವ ಮುಂಚೆ ಫೋನ್ ಮಾಡಿದಳು. "ಟೀಚರ್, ಟಿಕೆಟ್ ಆಯ್ತು. ನಾನು ನಿಮ್ಮ ಮನೆಗೆ..." ಎಂದು ನಿಂತಳು. ನಾನು ಸುಮ್ನೆ ಇದ್ದೆ. ಎಣಿಸುತ್ತಾ ಇದ್ದೆ. ಐದು, ಆರು, ಏಳು.

"ನಾಡಿದ್ದು ಬರ್ತೀನಿ" ಅಂದಳು.